ಬೂದು ಪಟ್ಟಿ

ಮಾರ್ಚ್ 3, ಸೋಮವಾರ

ಕೈ ಮುರಿದುಕೊಂಡು ಮಲಗಿರುವ ಹೆಂಡತಿಯನ್ನು ಬೈಯುವ ಹಾಗಿಲ್ಲ. ಬೈದರೆ ನಾನು ಮನುಷ್ಯನೇ ಅಲ್ಲ ಎಂದು ನೆಂಟರಿಷ್ಟರೆಲ್ಲ ಸೇರಿ ತೀರ್ಮಾನಿಸುತ್ತಾರೆ. ಬೈಯದೆ ನುಂಗಿಕೊಂಡರೆ ನನಗೆ ರಕ್ತದೊತ್ತಡ ಏರುತ್ತದೆ. ಆದ್ದರಿಂದ ಇವತ್ತಿನಿಂದ ಇಲ್ಲಿ ಬರೆದು ಬೈಯುವುದೆಂದು ನಿರ್ಧರಿಸಿದ್ದೇನೆ. ಯಾರೂ ಓದುವುದಿಲ್ಲ, ಯಾರಿಗೂ ನೋವಿಲ್ಲ.

ನಡೆದದ್ದು ಇಷ್ಟು. ಬಸ್ ನಿಲ್ದಾಣದ ಹಿಂದೆ ಒಂದು ಗೋಡೆಯಿದೆ. ಅದರ ಮೇಲೆ ಯಾವ ಕಾಲದಿಂದಲೋ ಒಂದರ ಮೇಲೊಂದು ಪೋಸ್ಟರು ಅಂಟಿಸುತ್ತ ಬಂದು, ಮಳೆ ಬಿಸಿಲಿಗೆ ಬೆಂದು, ಈಗ ಅದು ಹಾಸಿಗೆಯಷ್ಟು ದಪ್ಪವಾಗಿದೆ. ಊರಿನವರೆಲ್ಲ ಮೂಗು ಮುಚ್ಚಿಕೊಂಡು ದಾಟುವ ಆ ಜಾಗದಲ್ಲಿ ಇವಳು ಮಾತ್ರ ತವರಿನವರನ್ನು ಕಂಡವಳ ಹಾಗೆ ನಿಲ್ಲುತ್ತಾಳೆ. "ರೀ, ಆ ನೀಲಿ ಕೆಳಗಿಂದ ಹಳದಿ ಹೇಗೆ ಇಣುಕ್ತಿದೆ ನೋಡ್ರೀ!" ನನಗೆ ಕಂಡದ್ದು ಹರಿದ ಕಾಗದ. ನಿನ್ನೆ ಅದನ್ನು ಕಿತ್ತು ತರಲೇಬೇಕೆಂದು ಹಟ ಹಿಡಿದಳು. ಸ್ಟೂಲು ಹೊತ್ತವನು ನಾನು, ಹಿಡಿದುಕೊಂಡವನು ನಾನು. ಇವಳು ಮೇಲೆ ಹತ್ತಿ ಒಂದು ಮೂಲೆ ಹಿಡಿದು ಎಳೆದಳು. ಒಂದು ಚೂರು ಬರುತ್ತದೆ ಅಂದುಕೊಂಡರೆ ಇಡೀ ಪದರವೇ ಒಮ್ಮೆಲೇ ಕಿತ್ತು ಬಂತು. ಅದರ ಜೊತೆ ಇವಳೂ ಬಂದಳು. ಸ್ಟೂಲು ಮಾತ್ರ ಅಲ್ಲಾಡಲಿಲ್ಲ.

ಬಲಗೈ ಮಣಿಕಟ್ಟು ಮುರಿದಿದೆ. ಎಕ್ಸ್‌ರೇ ತೆಗೆಯುವಾಗಲೂ ಎಡಗೈಯಲ್ಲಿದ್ದ ಪೋಸ್ಟರನ್ನು ಬಿಟ್ಟಿರಲಿಲ್ಲ. ಮೂಳೆ ಡಾಕ್ಟರು ಅದನ್ನು ಕಸದ ಬುಟ್ಟಿಗೆ ಹಾಕಲು ಹೋದರೆ, "ಡಾಕ್ಟ್ರೇ, ಅದು ನನ್ನ ಕೆಲಸದ್ದು!" ಎಂದು ಕಿರುಚಿದಳು. ಕೈ ನೋವಿಗೆ ಅಷ್ಟು ಜೋರಾಗಿ ಕಿರುಚಿರಲಿಲ್ಲ.

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಒಲೆಯ ಮೇಲಿದ್ದ ಪಾತ್ರೆಯಲ್ಲಿ ಟೀ ಇದೆ ಎಂದು ಬಿಸಿ ಮಾಡಿ, ಲೋಟಕ್ಕೆ ಸೋಸಿ ಒಂದು ಗುಟುಕು ಕುಡಿದೆ. ಆಮೇಲೆ ಜರಡಿ ನೋಡಿದರೆ ಅದರಲ್ಲಿ ತುಕ್ಕು ಹಿಡಿದ ಮೊಳೆಗಳು. ಬಟ್ಟೆಗೆ ಕಲೆ ಹಿಡಿಸಲು ಇವಳು ಮಾಡಿಟ್ಟ ಕಷಾಯವಂತೆ. "ಒಂದು ಗುಟುಕಿಗೆ ಏನೂ ಆಗಲ್ಲ ಬಿಡಿ, ಕಬ್ಬಿಣದ ಅಂಶ ಮೈಗೆ ಒಳ್ಳೇದು" ಎಂದಳು, ಮಂಚದಿಂದಲೇ.

ಬೈಯಲಿಲ್ಲ. ಬರೆದಿದ್ದೇನೆ.

ಮಾರ್ಚ್ 7, ಶುಕ್ರವಾರ

ನಿಮ್ಮ ಮನೆಯವರು ಏನು ಮಾಡ್ತಾರೆ ಎಂದು ಜನ ಕೇಳಿದಾಗ ನಾನು ಇಷ್ಟು ವರ್ಷ "ಹೊಲಿಗೆ" ಎಂದು ಹೇಳಿ ಪಾರಾಗಿದ್ದೇನೆ. ಕೆಲವರು ಪ್ಯಾಂಟು ಗಿಡ್ಡ ಮಾಡಿಸಲು ತಂದುಕೊಟ್ಟದ್ದೂ ಉಂಟು. ನಿಜವಾಗಿ ಇವಳು ಮಾಡುವುದೇನೆಂದರೆ, ಹಳೆಯ ಹೊದಿಕೆ, ತುಕ್ಕಿನ ಕಲೆಯ ಬಟ್ಟೆ, ಗೋಡೆಯಿಂದ ಕಿತ್ತ ಕಾಗದ, ತಾಮ್ರದ ತಂತಿ, ಇದನ್ನೆಲ್ಲ ಪದರ ಪದರವಾಗಿ ಇಟ್ಟು ಅಂಟಿಸಿ, ಮೇಲೆ ಕೈಯಲ್ಲಿ ಹೊಲಿದು, ಗೋಡೆಗೆ ನೇತುಹಾಕುತ್ತಾಳೆ. ಇದಕ್ಕೆ ಅಮೂರ್ತ ಕಲೆ ಎನ್ನುತ್ತಾರೆ. ಅಂದರೆ ನೋಡಿದವರಿಗೆ ಹೂವು, ಹಕ್ಕಿ, ಮನುಷ್ಯ ಏನೂ ಕಾಣಬಾರದು. ಅಪ್ಪಿತಪ್ಪಿ ಒಂದು ಹಸು ಕಂಡುಬಿಟ್ಟರೆ ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಶುರು.

ನಾನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದವನು. ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ಅಂಗಡಿಯವನ ಬೆವರಿಳಿಸಿದವನು. ಇಂಥವನಿಗೆ ಇಂಥವಳನ್ನು ಯಾರು ಗಂಟು ಹಾಕಿದರೋ.

ಇವತ್ತು ಗ್ಯಾಲರಿ ನಡೆಸುವಾಕೆ ಬಂದಿದ್ದರು. ಯಾವಾಗಲೂ ಕಪ್ಪು ಕೋಟು ಹಾಕಿಕೊಂಡಿರುವುದರಿಂದ ನಾನು ಅವರನ್ನು ಮನಸ್ಸಿನಲ್ಲಿ ಕರಿಕೋಟು ಎನ್ನುತ್ತೇನೆ. ಏಪ್ರಿಲ್ ಹನ್ನೆರಡಕ್ಕೆ ಇವಳ ಪ್ರದರ್ಶನ. ಬೇರೆಯವರ ನಡುವೆ ಒಂದೆರಡು ಅಲ್ಲ, ಇಡೀ ಸಭಾಂಗಣ ಇವಳೊಬ್ಬಳದೇ. ಜೀವಮಾನದಲ್ಲಿ ಇದೇ ಮೊದಲು. ಆದರೆ ಎದುರು ಗೋಡೆ ತುಂಬುವಂಥ ದೊಡ್ಡ ಕೃತಿ ಇನ್ನೂ ಮುಗಿದಿಲ್ಲ. ಅದರ ನಡುವೆ ಒಂದು ಉದ್ದನೆಯ ಬೂದು ಪಟ್ಟಿ ಇದೆ. ಅದರ ಮೇಲೆಲ್ಲ ಕೈಹೊಲಿಗೆ ತುಂಬಬೇಕು.

"ಮುಂದಿನ ವರ್ಷಕ್ಕೆ ಹಾಕೋಣ್ವಾ?" ಎಂದರು ಕರಿಕೋಟು, ಬಹಳ ಮೃದುವಾಗಿ.

ಇವಳ ಮುಖ ನೋಡಲಾಗಲಿಲ್ಲ. ಬಿದ್ದಾಗಲೂ ಆ ಮುಖ ಮಾಡಿರಲಿಲ್ಲ. ಗಲ್ಲದಿಂದ ನನ್ನ ಕಡೆ ತೋರಿಸಿ, "ಇವರಿದ್ದಾರಲ್ಲ, ಹೊಲೀತಾರೆ" ಎಂದಳು.

ಕರಿಕೋಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನೂ ನನ್ನನ್ನು ಹಾಗೇ ನೋಡಿಕೊಂಡೆ.

ಮಾರ್ಚ್ 9, ಭಾನುವಾರ

ಸೂಜಿಗೆ ದಾರ ಪೋಣಿಸಲು ಬೆಳಗಿನ ಅರ್ಧ ಭಾಗ ಹೋಯಿತು. ಆಮೇಲೆ ಕೆಲಸ ಚೆನ್ನಾಗಿಯೇ ಆಯಿತು. ಪೆನ್ಸಿಲ್ಲಿನಲ್ಲಿ ತೆಳುವಾಗಿ ಗೆರೆ ಎಳೆದು, ಸ್ಕೇಲು ಇಟ್ಟು ಗುರುತು ಹಾಕಿ, ಒಂದೊಂದು ಹೊಲಿಗೆಯೂ ಅರ್ಧ ಸೆಂಟಿಮೀಟರು ಬರುವಂತೆ ಹಾಕಿದೆ. ಎಲ್ಲಿಯೂ ಒಂದು ಎಳೆ ಆಚೀಚೆ ಇಲ್ಲ. ಸರ್ಕಾರಿ ಮುದ್ರೆ ಒತ್ತಬಹುದಾದಷ್ಟು ನಿಖರ.

ಇವಳು ಬಹಳ ಹೊತ್ತು ನೋಡಿದಳು.

"ಏನ್ರೀ ಇದು, ರೈಲು ಹಳಿ!"

"ನೆಟ್ಟಗಿದೆ ಅಲ್ವಾ?"

"ಅದೇ ತೊಂದರೆ. ಇದರಲ್ಲಿ ಜೀವ ಇಲ್ಲ. ಉಸಿರಾಡೋ ಹಾಗೆ ಹೊಲೀಬೇಕು ಕಣ್ರೀ."

"ನನ್ನ ಉಸಿರು ಒಂದೇ ಸಮ ಇದೆ. ಡಾಕ್ಟ್ರೇ ಹೇಳಿದಾರೆ."

"ಬಿಚ್ಚಿ."

ಮಾರ್ಚ್ 10, ಸೋಮವಾರ

ಬಿಚ್ಚಿದೆ.

ಮಾರ್ಚ್ 12, ಬುಧವಾರ

ಸೊಟ್ಟಗೆ ಬೇಕು ತಾನೇ, ತೆಗೆದುಕೋ ಎಂದು ಸೊಟ್ಟಗೆ ಹೊಲಿದೆ. ಒಂದು ಉದ್ದ, ಒಂದು ಗಿಡ್ಡ, ಒಂದು ಮೇಲೆ, ಒಂದು ಕೆಳಗೆ. ಯಾರು ನೋಡಿದರೂ ಹುಚ್ಚನೇ ಹೊಲಿದದ್ದು ಅನ್ನಬೇಕು. ಇವಳು ಬೆರಳಿಟ್ಟು ಒಂದು ಗೇಣು ಸವರಿಕೊಂಡು ಹೋಗಿ ನಕ್ಕುಬಿಟ್ಟಳು. "ಉದ್ದ, ಗಿಡ್ಡ, ಮೇಲೆ, ಕೆಳಗೆ. ಮತ್ತೆ ಉದ್ದ, ಗಿಡ್ಡ, ಮೇಲೆ, ಕೆಳಗೆ. ಸೊಟ್ಟ ಆಗೋದಕ್ಕೂ ಲೆಕ್ಕ ಇಟ್ಟಿದ್ದೀರಲ್ರೀ!"

ನಿಜ, ಇಟ್ಟಿದ್ದೆ. ಲೆಕ್ಕವಿಲ್ಲದೆ ಕೈ ಹೇಗೆ ಓಡಬೇಕು ಎಂದು ಕೇಳಿದರೆ, "ಅದನ್ನ ಹೇಳ್ಕೊಡೋಕೆ ಬರಲ್ಲ" ಅನ್ನುತ್ತಾಳೆ. ಹೇಳಿಕೊಡಲು ಬಾರದ ವಿದ್ಯೆಯನ್ನು ಕಲಿಯದವನ ಮೇಲೆ ಸಿಡುಕುವುದು ಯಾವ ನ್ಯಾಯ? ಮತ್ತೆ ಬಿಚ್ಚಿದ್ದಾಯಿತು. ಹೊಲಿಯುವುದಕ್ಕಿಂತ ಬಿಚ್ಚುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗುತ್ತಿದೆ.

ಮಾರ್ಚ್ 15, ಶನಿವಾರ

ಇವಳ ತಮ್ಮ ಬಂದಿದ್ದ. ನನ್ನ ಈ ಬಾಮೈದ ಕಾರು ಮಾರುವವನು. ಬಾಯಿ ಕೂಡ ಹಾಗೇ ಓಡುತ್ತದೆ. ಕೋಣೆಯಲ್ಲಿ ಹಗ್ಗದ ಮೇಲೆ ದೊಡ್ಡ ಕೃತಿಯನ್ನು ಇಳಿಬಿಟ್ಟಿದ್ದೆವು. ಅವನು ಅದನ್ನು ಮುಟ್ಟಿ ನೋಡಿ, ಗಂಭೀರವಾಗಿ, "ಭಾವ, ಇದು ಒಣಗಿದೆ, ಮಡಚಿಡ್ಲಾ?" ಎಂದ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ದಿನದ ಮೇಲೆ ನಕ್ಕಿದ್ದು! ಇವಳೂ ನಕ್ಕಳು. ಆಮೇಲೆ ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಎಡಗೈಯಲ್ಲಿ ತಿನ್ನುವುದು ಬೇಸರವಾಗಿರಬೇಕು.

ಮಾರ್ಚ್ 19, ಬುಧವಾರ

ವಾಕಿಂಗಿಗೆ ಹೋದವನು ಸೈಕಲ್ ರಿಪೇರಿ ಅಂಗಡಿಯ ಮುಂದೆ ಸುಮ್ಮನೆ ನಿಂತೆ. ಮೆಕ್ಯಾನಿಕ್ಕಿನ ಭುಜದ ಮೇಲೆ ಗ್ರೀಸು ಒರೆಸಿದ ಬಟ್ಟೆಯೊಂದಿತ್ತು. ಒಂದು ಕಾಲಕ್ಕೆ ಬಿಳಿಯದಾಗಿದ್ದಿರಬೇಕು. ಈಗ ನಡುವೆ ಕಪ್ಪು, ಅಂಚಿಗೆ ಬರುತ್ತ ಬರುತ್ತ ಒಂಥರಾ ಹೊಗೆ ಬಣ್ಣ, ಒಂದು ಮೂಲೆಯಲ್ಲಿ ಕೆಂಪು ಪೇಂಟಿನ ಗೀರು. ಆ ಗೀರು ಇಲ್ಲದಿದ್ದರೆ ಆ ಬಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ.

"ಸೈಕಲ್ ಎಲ್ಲಿ ಸಾರ್?" ಎಂದ.

"ಸೈಕಲ್ ಇಲ್ಲ. ಆ ಬಟ್ಟೆ ಕೊಡ್ತೀಯಾ?"

ಅವನು ಬಟ್ಟೆಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ರಸ್ತೆಯ ಎರಡೂ ಬದಿ ನೋಡಿದ, ನನ್ನನ್ನು ಹುಡುಕಿಕೊಂಡು ಯಾರಾದರೂ ಬರುತ್ತಿದ್ದಾರೇನೋ ಎಂಬಂತೆ. ಎದುರಿನ ಅಂಗಡಿಯಿಂದ ಹೊಸ ಟವೆಲ್ ತಂದು ಕೊಟ್ಟ ಮೇಲೆ ನಂಬಿದ. ಮನೆಗೆ ಬಂದು ಕೊಟ್ಟರೆ ಇವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನೇ ನೋಡುತ್ತ ಕುಳಿತಳು. ಇವಳಿಗೆ ಬೇಕಾಗಬಹುದು ಎಂದು ತಂದೆ, ಅಷ್ಟೇ. ನನಗೇನು ಅದರಿಂದ.

ಹೊಲಿಗೆ ಇನ್ನೂ ರೈಲು ಹಳಿಯೇ.

ಮಾರ್ಚ್ 21, ಶುಕ್ರವಾರ

ಮೂಳೆ ಸರಿಯಾಗಿ ಕೂತಿಲ್ಲ. ಬಿಚ್ಚಿ ಮತ್ತೆ ಕೂರಿಸಬೇಕು ಎಂದರು ಡಾಕ್ಟರು. ಒಳಗೆ ಲೋಹದ ಪಟ್ಟಿ ಹಾಕುತ್ತಾರಂತೆ. ಇವಳು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಸೂಜಿ ಹಿಡಿಯೋಕೆ ಆಗುತ್ತಾ?"

"ಮೊದಲು ಕೈ ಸರಿ ಹೋಗಲಿ. ಸಣ್ಣ ಕೆಲಸ ಎಲ್ಲ ಆಮೇಲೆ ನೋಡೋಣ. ಅಲ್ಲಿ ನರ ಒತ್ತಿಕೊಂಡಿರೋ ಹಾಗಿದೆ. ಈಗಲೇ ಏನೂ ಹೇಳೋಕಾಗಲ್ಲ."

ದಾರಿಯಲ್ಲಿ ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಎಂಥ ತುಕ್ಕು ಹಿಡಿದಿದೆ ಎಂದು ನಾನೇ ತೋರಿಸಿದೆ. ಇವಳು ತಿರುಗಿ ನೋಡಲಿಲ್ಲ. ಬೈಯಬೇಕೆಂದು ಪೆನ್ನು ಹಿಡಿದೆ, ಇವತ್ತು ಯಾರನ್ನು ಬೈಯುವುದೆಂದು ತಿಳಿಯುತ್ತಿಲ್ಲ. ಸ್ಟೂಲನ್ನು ಅಟ್ಟಕ್ಕೆ ಹಾಕಿದ್ದೇನೆ.

ಮಾರ್ಚ್ 24, ಸೋಮವಾರ

ಆಪರೇಷನ್ ಆಯಿತು. ಎಚ್ಚರವಾಗಿದ್ದಾಳೆ. ಮೊದಲು ಅದನ್ನು ಬರೆದುಬಿಟ್ಟೆ.

ಒಳಗೆ ಕರೆದುಕೊಂಡು ಹೋಗುವ ಮುಂಚೆ ಇವಳು, "ಸುಮ್ನೆ ಕೂತು ಪಕ್ಕದವರ ಕಾಯಿಲೆ ಎಲ್ಲ ವಿಚಾರಿಸಬೇಡಿ. ಪಟ್ಟಿ ತಂದಿದ್ದೀರಲ್ಲ, ಹೊಲೀತಾ ಕೂತಿರಿ" ಎಂದಳು. ಬೂದು ಪಟ್ಟಿಯನ್ನು ಕೃತಿಯಿಂದ ಬಿಡಿಸಿ ಚೀಲದಲ್ಲಿ ತಂದಿದ್ದೆ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿನ ಕೆಲಸ ಎಂದಿದ್ದರು. ಆ ಸ್ವಲ್ಪ ಹೊತ್ತು ಮುಗಿಯಲೇ ಇಲ್ಲ. ಒಬ್ಬ ನರ್ಸು ಓಡುತ್ತ ಒಳಗೆ ಹೋದಳು. ಇನ್ನೊಬ್ಬಳು ಓಡುತ್ತ ಹೊರಗೆ ಬಂದಳು. ಏನಾಯ್ತಮ್ಮಾ ಎಂದರೆ, "ಏನಿಲ್ಲ ಅಂಕಲ್, ಕೂತ್ಕೊಳ್ಳಿ." ಏನೂ ಇಲ್ಲದಿದ್ದರೆ ಯಾಕೆ ಓಡಬೇಕು?

ಹೊಲಿದೆ. ಸ್ಕೇಲು ಮನೆಯಲ್ಲೇ ಬಿಟ್ಟಿದ್ದೆ. ಇದ್ದಿದ್ದರೂ ತೆಗೆಯುತ್ತಿದ್ದೆನೋ ಇಲ್ಲವೋ. ಕಣ್ಣು ಬಾಗಿಲ ಮೇಲೆ, ಕೈ ಬಟ್ಟೆಯ ಮೇಲೆ. ಪಕ್ಕದಲ್ಲಿ ಗಂಡನ ಕಿಡ್ನಿ ಕಲ್ಲಿಗಾಗಿ ಕಾಯುತ್ತಿದ್ದ ಹೆಂಗಸು ಬಹಳ ಹೊತ್ತು ನೋಡಿ, "ಅಣ್ಣಾ, ಹೊಲಿಗೆ ಎಲ್ಲೆಲ್ಲಿಗೋ ಹೋಗ್ತಿದೆ" ಎಂದಳು. "ಹೋಗ್ಲಿ ಬಿಡಮ್ಮಾ" ಎಂದೆ. ಮೂವತ್ತು ವರ್ಷ ಒಬ್ಬಳ ಜೊತೆ ಜಗಳವಾಡಿಕೊಂಡು ಬಂದವನಿಗೆ, ಅವಳಿಲ್ಲದ ಮನೆಯಲ್ಲಿ ಯಾರ ಜೊತೆ ಜಗಳವಾಡಬೇಕು ಎಂಬ ಯೋಚನೆ ಬಂತು. ಮುರಿದದ್ದು ಕೈ ಮಾತ್ರ ಎಂದು ಗೊತ್ತು. ಆದರೂ ಭಯವಾಯಿತು. ಬಹಳ ಭಯವಾಯಿತು.

ಕೊನೆಗೆ ಡಾಕ್ಟರು ಹೊರಗೆ ಬಂದರು. ನಾನು ದಡಕ್ಕನೆ ಎದ್ದೆ. ಪಟ್ಟಿಯೂ ನನ್ನ ಜೊತೆ ಎದ್ದಿತು. ನೋಡಿದರೆ ಅದನ್ನು ನನ್ನ ಪ್ಯಾಂಟಿನ ಮೊಣಕಾಲಿಗೆ ಸೇರಿಸಿ ಹೊಲಿದುಬಿಟ್ಟಿದ್ದೇನೆ! ಡಾಕ್ಟರು ಆಪರೇಷನ್ ವಿಚಾರ ಹೇಳುತ್ತಿದ್ದರೂ ಅವರ ಕಣ್ಣು ನನ್ನ ಕಾಲಿನ ಮೇಲೇ ಇತ್ತು. "ಎಲ್ಲ ಚೆನ್ನಾಗಾಯ್ತು. ನಿಮಗೇನಾಯ್ತು?" ಎಂದರು. ಕಿಡ್ನಿ ಕಲ್ಲಿನ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನರ್ಸಿನ ಕತ್ತರಿ ಇಸಿದುಕೊಂಡು ಪ್ಯಾಂಟಿನ ಬಟ್ಟೆಯ ಸಮೇತ ಕತ್ತರಿಸಿ ಬಿಡಿಸಿಕೊಂಡೆ. ಒಂದು ಮೊಣಕಾಲು ಬಿಟ್ಟುಕೊಂಡು ಹೆಂಡತಿಯ ಮುಖ ನೋಡಲು ಹೋದೆ.

ಮಾರ್ಚ್ 25, ಮಂಗಳವಾರ

ಎರಡು ಚಮಚ ಸೂಪು ಕುಡಿದಳು. "ನಿಮ್ಮ ಕೈಯಡುಗೆಗಿಂತ ಇದೇ ವಾಸಿ" ಎಂದಳು. ಸದ್ಯ, ಎಲ್ಲ ಮೊದಲಿನ ಹಾಗೇ ಇದೆ.

ಮಾರ್ಚ್ 28, ಶುಕ್ರವಾರ

ಮನೆಗೆ ಬಂದೆವು. ಆಸ್ಪತ್ರೆಯ ಹೊಲಿಗೆಯನ್ನು ಇವಳು ನೋಡುವ ಮುಂಚೆಯೇ ಬಿಚ್ಚಿಬಿಡೋಣ ಎಂದು ಪಟ್ಟಿ ತೆಗೆದು ಕಿಟಕಿ ಹತ್ತಿರ ಕೂತಿದ್ದೆ. ಯಾವಾಗ ಹಿಂದೆ ಬಂದು ನಿಂತಳೋ.

"ಅದನ್ನ ಮುಟ್ಟಬೇಡಿ."

"ಗಲೀಜಾಗಿದೆ ಕಣೇ. ನೋಡು, ಇಲ್ಲಿ ಮೂರು ಹೊಲಿಗೆ ಒಂದರ ಮೇಲೊಂದು ಬಿದ್ದಿವೆ. ಇಲ್ಲಿ ಬಟ್ಟೆಯೇ ಸುಕ್ಕಾಗಿದೆ."

"ಮುಟ್ಟಬೇಡಿ ಅಂದೆ." ಕೂತು ಮಡಿಲ ಮೇಲೆ ಹಾಸಿಕೊಂಡು ಎಡಗೈಯಲ್ಲಿ ಸವರಿದಳು. ಒಂದು ಕಡೆ ಹೊಲಿಗೆ ಇರುವೆ ಸಾಲಿನ ಹಾಗೆ ಒತ್ತೊತ್ತಾಗಿ ಹೋಗಿ, ಇದ್ದಕ್ಕಿದ್ದಂತೆ ನಿಂತು, ಆಮೇಲೆ ದೊಡ್ಡ ದೊಡ್ಡ ಹೆಜ್ಜೆ ಹಾಕಿತ್ತು. "ಇದು, ರೀ. ಇದೇ ನಾನು ಕೇಳ್ತಿದ್ದಿದ್ದು. ಯಾವಾಗ ಹಾಕಿದ್ರಿ?"

"ಯಾವಾಗಲೋ."

ಇವಳು ಪಟ್ಟಿ ತಿರುಗಿಸಿದಳು. ಹಿಂದೆ ನನ್ನ ಕಂದು ಪ್ಯಾಂಟಿನ ತುಂಡು ಹಾಗೇ ಅಂಟಿಕೊಂಡಿತ್ತು. ಅದನ್ನು ನೋಡಿದಳು. ನನ್ನನ್ನು ನೋಡಿದಳು. ಕಣ್ಣು ತುಂಬಿಕೊಂಡಿದ್ದಳು, ಔಷಧಿಯ ಪರಿಣಾಮ ಇದ್ದೀತು. ಪ್ಯಾಂಟಿನ ತುಂಡನ್ನೂ ಬಿಚ್ಚಕೂಡದೆಂದು ಅಪ್ಪಣೆಯಾಗಿದೆ. ಒಳ್ಳೆಯ ಪ್ಯಾಂಟು ಅದು.

ಏಪ್ರಿಲ್ 2, ಬುಧವಾರ

ಬಾಮೈದ ಮತ್ತೆ ಬಂದಿದ್ದ. ಕೈ ತೊಳೆಯದೆ ನೇರ ಕೋಣೆಗೆ ನುಗ್ಗಿ, "ಭಾವ, ಕಾರು ಒರೆಸೋಕೆ ಇದರಲ್ಲಿ ಒಂದು ತುಂಡು ಕೊಡಿ" ಎಂದ. ಯಾವ ತುಂಡು ಅಂದರೆ, ಮೆಕ್ಯಾನಿಕ್ಕಿನ ಬಟ್ಟೆ! ಆ ಕೆಂಪು ಗೀರು ಬೂದು ಪಟ್ಟಿಯ ಪಕ್ಕ ಬರಬೇಕೋ ತುಕ್ಕಿನ ಪಕ್ಕ ಬರಬೇಕೋ ಎಂದು ನಾವಿಬ್ಬರೂ ಎರಡು ದಿನದಿಂದ ಒದ್ದಾಡುತ್ತಿದ್ದೇವೆ.

"ಮೊದಲು ಕೈ ತೊಳ್ಕೊಂಡು ಬಾ" ಎಂದೆ. ನಕ್ಕ. "ನಗೋದಕ್ಕೇನಿದೆ ಇದರಲ್ಲಿ? ನಿನಗೆ ಕಣ್ಣಿದೆಯೋ ಇಲ್ಲವೋ? ದಿನಾ ನೂರು ಕಾರು ನೋಡ್ತೀಯ, ಒಂದರ ಬಣ್ಣವನ್ನಾದರೂ ನೆಟ್ಟಗೆ ನೋಡಿದ್ದೀಯಾ?" ಇನ್ನೂ ಏನೇನೋ ಹೇಳಿದೆ. ಟೀ ಕುಡಿಯದೆ ಹೋದ. ಇವನಿಗೆ ಸಣ್ಣವನಿದ್ದಾಗಲೇ ಯಾರಾದರೂ ಬುದ್ಧಿ ಹೇಳಬೇಕಿತ್ತು.

ಇವಳು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು. ಯಾಕೋ ಏನೋ.

ಏಪ್ರಿಲ್ 10, ಗುರುವಾರ

ಪಟ್ಟಿ ಮುಗಿಯಿತು. ಆಸ್ಪತ್ರೆಯಲ್ಲಿ ಹಾಕಿದಂಥ ಹೊಲಿಗೆ ಮನೆಯಲ್ಲಿ ಬರುವುದಿಲ್ಲವೇನೋ ಎಂದು ಹೆದರಿದ್ದೆ. ಮೊದಮೊದಲು ಬರಲಿಲ್ಲ. ಆಮೇಲೆ ಇವಳು ಆ ಬದಿ, ನಾನು ಈ ಬದಿ ಕೂತು ಹಳೆಯ ಜಗಳಗಳನ್ನೆಲ್ಲ ತೆಗೆದೆವು. ಕೈ ತಾನಾಗಿ ಓಡಿತು. ನಮ್ಮ ಮದುವೆಯಲ್ಲಿ ಇವಳ ಚಿಕ್ಕಪ್ಪ ನನ್ನ ಚಪ್ಪಲಿ ಹಾಕಿಕೊಂಡು ಹೋದ ವಿಚಾರಕ್ಕೆ ಬಂದಾಗ ಹೊಲಿದ ಭಾಗವಂತೂ ಬಹಳ ಚೆನ್ನಾಗಿ ಬಂದಿದೆ. ಇದನ್ನು ನಾನು ಹೇಳುತ್ತಿಲ್ಲ, ಇವಳೇ ಹೇಳಿದ್ದು.

ಏಪ್ರಿಲ್ 12, ಶನಿವಾರ

ಜನ ಬಂದಿದ್ದರು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ. ಇವಳು ಪ್ಲಾಸ್ಟರಿನ ಕೈಗೆ ನೀಲಿ ಬಟ್ಟೆ ಕಟ್ಟಿಕೊಂಡು ಮದುಮಗಳ ಹಾಗೆ ಓಡಾಡುತ್ತಿದ್ದಳು. ದೊಡ್ಡ ಕೃತಿಯ ಎದುರು ಒಬ್ಬಾತ ತಲೆ ಓರೆ ಮಾಡಿ ನಿಂತು ಹೆಂಡತಿಗೆ, "ಇದು ನದಿ ಅಲ್ವಾ?" ಎಂದ. "ನದಿ ಅಲ್ಲ" ಎಂದೆ ಹಿಂದಿನಿಂದ. ಬೆಚ್ಚಿಬಿದ್ದ. ಇನ್ನೊಬ್ಬಳು ಮೂಗು ತಾಗುವಷ್ಟು ಹತ್ತಿರ ಹೋದಳು. ಉಸಿರು ತಗುಲುತ್ತದೆ, ಸ್ವಲ್ಪ ದೂರ ನಿಲ್ಲಿ ಎಂದೆ. ಕರಿಕೋಟು ಬಂದು ನನ್ನನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿ ಹೋದರು.

ಪತ್ರಿಕೆಯವಳೊಬ್ಬಳು ಬಂದು ಇವಳನ್ನು ಕೇಳಿದಳು. "ಈ ಕೃತಿಗೆ ನಿಮ್ಮ ಪ್ರೇರಣೆ ಏನು?"

ಇವಳು ಪೋಸ್ಟರಿನ ಗೋಡೆ ಎಂದಳು, ತುಕ್ಕು ಎಂದಳು. ಆಮೇಲೆ ಬೂದು ಪಟ್ಟಿ ತೋರಿಸಿ, "ಇದು ನನ್ನ ಕೈಯದ್ದಲ್ಲ. ನನ್ನ ಗಂಡನದ್ದು. ಅವರನ್ನೇ ಕೇಳಿ. ರೀ, ಇಲ್ಲಿ ಬನ್ನಿ" ಎಂದು ಕೂಗಿದಳು.

ಎಲ್ಲರೂ ತಿರುಗಿದರು. ತಕ್ಕಡಿ ಹಿಡಿದು ನೂರಾರು ಜನರ ಎದುರು ನಿಂತವನು ನಾನು. ಇವತ್ತು ಕುರ್ಚಿಯ ಬೆನ್ನು ಹಿಡಿದುಕೊಂಡು ಎದ್ದೆ. "ಪ್ರೇರಣೆ ಗಿರಣೆ ಏನಿಲ್ಲಮ್ಮಾ. ಇವಳು ಒಳಗಿದ್ಲು. ನಾನು ಹೊರಗಿದ್ದೆ. ಬಾಗಿಲು ಮುಚ್ಚಿತ್ತು" ಎಂದೆ. ಆಕೆ ಬರೆದುಕೊಂಡಳು. ಆಮೇಲೆ ಯಾಕೋ ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಪಟ್ಟಿಯನ್ನೇ ನೋಡಿದಳು. ದಾರ ಸ್ವಲ್ಪ ಕಳಪೆ ಎಂದೂ ಹೇಳಿದೆ, ಅದು ಸತ್ಯ.

ಮೇ 8, ಗುರುವಾರ

ಪ್ಲಾಸ್ಟರು ತೆಗೆದು ಮೂರು ದಿನವಾಯಿತು. ಮೂಳೆ ಕೂಡಿದೆ. ಆದರೆ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಒಂದು ಗುಂಡಿ ತೂರುವಷ್ಟು ಜಾಗ. "ಉಪಯೋಗಿಸಿದಷ್ಟೂ ಬರುತ್ತೆ. ಉಪಯೋಗಿಸದೆ ಬಿಟ್ರೆ ಹಾಗೇ ನಿಂತುಬಿಡುತ್ತೆ" ಎಂದರು ಡಾಕ್ಟರು. ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದಾರೆ.

ಕರಿಕೋಟು ಫೋನು ಮಾಡಿದ್ದರು. ಮುಂದಿನ ವರ್ಷಕ್ಕೆ ಸಣ್ಣ ಸಣ್ಣ ಕೃತಿಗಳು ಬೇಕಂತೆ. ಇವಳು ಫೋನಿಟ್ಟು, "ಸರಿ, ನಾನು ಹೇಳ್ತಾ ಹೋಗ್ತೀನಿ, ನೀವು ಹೊಲೀತಾ ಹೋಗಿ" ಎಂದಳು. ಬೇಡ ಎನ್ನಲಿಲ್ಲ ನಾನು. ಸಂಜೆ ಪೇಟೆಗೆ ಹೋದಾಗ ಒಂದು ಸೂಜಿ ಪೆಟ್ಟಿಗೆ ತಂದೆ. ಅಗ್ಗಕ್ಕೆ ಸಿಕ್ಕಿತು, ಬಿಡಲು ಮನಸ್ಸಾಗಲಿಲ್ಲ.

ಮೇ 14, ಬುಧವಾರ

ಹೊಸ ಕೃತಿ ಶುರುವಾಗಿದೆ. ಹಸಿರು ಎಲ್ಲೂ ಬೇಡ ಎಂದು ನಾನು, ಒಂದು ಚೂರಾದರೂ ಬೇಕು ಎಂದು ಇವಳು. "ನಿಮ್ಮ ಕೈ ಈಗ ಬಹಳ ಹಗುರ ಆಗಿದೆ" ಎಂದಳು. ಖುಷಿಯಾಯಿತು, ಮುಚ್ಚಿಡುವುದೇನು.

ರಬ್ಬರ್ ಚೆಂಡು ಕೆಲವು ದಿನದಿಂದ ಕಾಣಿಸುತ್ತಿರಲಿಲ್ಲ. ಗುಡಿಸುವಾಗ ಮಂಚದ ಕೆಳಗೆ ಸಿಕ್ಕಿತು, ಮೇಲೆ ಧೂಳು ಕೂತಿತ್ತು. ಬೆಳಿಗ್ಗೆ "ರೀ, ಗುಂಡಿ ಹಾಕಿ" ಎಂದಳು. ಹಾಕಿದೆ. ಮಧ್ಯಾಹ್ನ "ರೀ, ಈ ಡಬ್ಬ ತೆಗೆದುಕೊಡಿ" ಎಂದಳು. ತೆಗೆದುಕೊಟ್ಟೆ. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿರುತ್ತಾಳೆ, ಬೇರೆ ಯಾರದೋ ವಸ್ತುವನ್ನು ನೋಡಿಕೊಳ್ಳುತ್ತಿರುವವಳ ಹಾಗೆ.

ಮೇ 19, ಸೋಮವಾರ

ಮಧ್ಯಾಹ್ನ ಮಲಗಿ ಎದ್ದು ಬಂದರೆ ಇವಳು ಮೇಜಿನ ಮುಂದೆ ಒಬ್ಬಳೇ ಕೂತಿದ್ದಳು. ಬಲಗೈಯಲ್ಲಿ ಸೂಜಿ ಹಿಡಿಯಲು ನೋಡುತ್ತಿದ್ದಳು. ಜಾರಿ ಬಿತ್ತು. ಎತ್ತಿಕೊಂಡಳು. ಜಾರಿ ಬಿತ್ತು. ಮೂರನೆಯ ಸಲ ಎತ್ತಿಕೊಳ್ಳಲಿಲ್ಲ. ನನ್ನನ್ನು ನೋಡಿ ಬಟ್ಟೆಯನ್ನು ನನ್ನ ಕಡೆ ತಳ್ಳಿದಳು.

"ಹೋಗ್ಲಿ ಬಿಡಿ. ನಿಮ್ಮ ಕೈ ಇದೆಯಲ್ಲ. ಹೊಲೀರಿ."

"ನಾನು ಹೊಲಿಯಲ್ಲ" ಎಂದೆ.

"ಅಂದ್ರೆ?"

"ಹೊಲಿಯಲ್ಲ ಅಂದ್ರೆ ಹೊಲಿಯಲ್ಲ."

ಇವಳಿಗೆ ರೇಗಿತು. "ಸಾಕಾಯ್ತು ಅಂತ ನೇರವಾಗಿ ಹೇಳಿ. ನನ್ನ ಚಿಂದಿ ಕೆಲಸ ನಿಮಗ್ಯಾಕೆ? ಇಷ್ಟು ದಿನ ಮಾಡಿದ್ದೇ ದೊಡ್ಡ ಉಪಕಾರ!"

"ಸಾಕಾಗಿಲ್ಲ ಕಣೇ!" ನನ್ನ ದನಿಯೂ ಏರಿತು. "ಇಷ್ಟ ಆಗಿಬಿಟ್ಟಿದೆ. ಬೆಳಿಗ್ಗೆ ಎದ್ದರೆ ಇದೇ ಯೋಚನೆ. ಅದಕ್ಕೇ ಭಯ. ನಾನು ಹೊಲೀತಾ ಹೋದ್ರೆ ನೀನು ಕೈ ಮಡಚಿಕೊಂಡು ಕೂತುಬಿಡ್ತೀಯ. ಆ ಬೆರಳು ಹಾಗೇ ನಿಂತುಹೋಗುತ್ತೆ. ನಾನು ಇವತ್ತು ಇರ್ತೀನಿ, ನಾಳೆ ಇರಲ್ಲ. ಆಮೇಲೆ ಆ ಪೋಸ್ಟರಿನ ಗೋಡೆ ಮುಂದೆ ನಿಂತು ಏನು ಮಾಡ್ತೀಯ? ನೀನು ಕೆಟ್ಟದಾಗಿ ಹೊಲಿ. ಅಸಹ್ಯವಾಗಿ ಹೊಲಿ. ನಿನ್ನ ಕೈಯಲ್ಲೇ ಹೊಲಿ."

ಇವಳು ಅತ್ತಳು. ನಾನು ಬೆನ್ನು ಸವರಲಿಲ್ಲ, ಸವರಿದ್ದರೆ ನಾನೇ ಸೂಜಿ ಎತ್ತಿಕೊಂಡುಬಿಡುತ್ತಿದ್ದೆ. ಅಟ್ಟದಿಂದ ಗೋಣಿ ಹೊಲಿಯುವ ದಪ್ಪ ದಬ್ಬಣ ಹುಡುಕಿ, ಸೆಣಬಿನ ದಾರ ಪೋಣಿಸಿ, ಮುಂದಿಟ್ಟು ಬಂದು ಕುರ್ಚಿಯ ಮೇಲೆ ಕೈ ಕಟ್ಟಿಕೊಂಡು ಕೂತೆ. ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಹೀಗೆ ಕೈ ಕಟ್ಟಿಕೊಂಡು ಕೂತದ್ದೇ ಇರಬೇಕು. ದಬ್ಬಣ ಎರಡು ಸಲ ಜಾರಿತು. ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ಇಡೀ ಮುಷ್ಟಿಯಲ್ಲಿ, ಮಕ್ಕಳು ಪೆನ್ಸಿಲು ಹಿಡಿಯುವ ಹಾಗೆ ಹಿಡಿದು ಬಟ್ಟೆಗೆ ಚುಚ್ಚಿದಳು. ಬಂತು. ಮೊದಲನೆಯ ಹೊಲಿಗೆ ಬಂತು. ಹಲ್ಲು ಕಚ್ಚಿಕೊಂಡು ಇನ್ನೊಂದು. ಬೆವರು ಮೂಗಿನ ತುದಿಗೆ ಬಂದಿತ್ತು.

ಕತ್ತಲಾಗುವ ಹೊತ್ತಿಗೆ ಒಂದು ಬೆರಳುದ್ದ ಆಗಿತ್ತು. ಇಂಥ ಹೊಲಿಗೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ನನ್ನಿಂದ ಎಂದೂ ಆಗುವುದಿಲ್ಲ. ಹಾಗೇ ಹೇಳಿದೆ. "ಸುಳ್ಳು ಹೇಳಬೇಡಿ" ಎಂದಳು, ಆದರೆ ಬಟ್ಟೆಯನ್ನು ಕೆಳಗಿಡಲಿಲ್ಲ.

ಸ್ವಲ್ಪ ಹೊತ್ತು ಕಳೆದು, "ಆ ಮೂಲೇಲಿ ಬಿದ್ದಿರೋ ಕಪ್ಪು ತುಂಡು ನಿನಗೆ ಬೇಕಾ?" ಎಂದೆ.

"ಯಾಕೆ?"

"ಸುಮ್ನೆ. ನಿನ್ನ ಕೆಲಸಕ್ಕೆ ಅಲ್ಲ. ನನಗೆ."

ತಲೆಯೆತ್ತದೆ ತುಂಡನ್ನು ನನ್ನ ಕಡೆ ಎಸೆದಳು. ಸೂಜಿ ಪೆಟ್ಟಿಗೆ ತಂದು ಮೇಜಿನ ಈ ಬದಿಗೆ ಕೂತೆ. ದೀಪವನ್ನು ಸ್ವಲ್ಪ ನನ್ನ ಕಡೆ ಎಳೆದುಕೊಂಡೆ. ಇವಳು ತನ್ನ ಕಡೆ ಎಳೆದುಕೊಂಡಳು. ನಾನು ಮತ್ತೆ ಎಳೆದೆ. "ರೀ, ನನಗೆ ಕಾಣ್ತಿಲ್ಲ!" ಎಂದು ಬಲಗೈಯಲ್ಲೇ ದೀಪದ ಕುತ್ತಿಗೆ ಹಿಡಿದು ಜಗ್ಗಿದಳು.

ನಾಳೆ ಇನ್ನೊಂದು ದೀಪ ತರಬೇಕು.